ಡಾಟ್ ಎಐ ಯಾರದ್ದು? ಆಂಗ್ವಿಲ್ಲಾ ಎಂಬ ಪುಟ್ಟ ದ್ವೀಪದ ಮರಳು, ಉಪ್ಪು ಮತ್ತು ಹಠ

ಈಗೀಗ ಯಾವ ಹೊಸ ಕಂಪನಿಯ ವೆಬ್‌ಸೈಟ್ ನೋಡಿದರೂ ವಿಳಾಸದ ಕೊನೆಗೆ ‘ಡಾಟ್ ಎಐ’ ಅಂತ ಇರುತ್ತದೆ. ಬೆಂಗಳೂರಿನ ಸರ್ವಂ ಕಂಪನಿಯದ್ದೂ ಹಾಗೆಯೇ, ಅಮೆರಿಕದ ಪರ್‌ಪ್ಲೆಕ್ಸಿಟಿಯದ್ದೂ ಹಾಗೆಯೇ. ಎಐ ಅಂದರೆ ಆರ್ಟಿಫಿಶಿಯಲ್ ಇಂಟೆಲಿಜೆನ್ಸ್, ಅದಕ್ಕೇ ಈ ವಿಳಾಸ ಅಂತ ನಾವು ಅಂದುಕೊಳ್ಳುತ್ತೇವೆ. ಕೊಂಡವರ ಲೆಕ್ಕವೂ ಅದೇ. ಆದರೆ ಆ ಎರಡಕ್ಷರದ ಮಾಲೀಕರು ಬೇರೆ. ಅವು ಕೆರಿಬಿಯನ್ ಸಮುದ್ರದ ಅಂಚಿನಲ್ಲಿರುವ ಆಂಗ್ವಿಲ್ಲಾ ಎಂಬ ದ್ವೀಪಕ್ಕೆ ಸೇರಿದವು. ಅಲ್ಲಿರುವವರು ಸುಮಾರು 16 ಸಾವಿರ ಜನ.

ಈ ಅಕ್ಷರಗಳಿಂದ ಆ ದ್ವೀಪಕ್ಕೆ 2023ರಲ್ಲಿ ಬಂದ ಆದಾಯ ಸುಮಾರು 3.2 ಕೋಟಿ ಅಮೆರಿಕನ್ ಡಾಲರ್. ಅಲ್ಲಿನ ಸರ್ಕಾರದ ಒಟ್ಟು ಆದಾಯದಲ್ಲಿ ಐದನೇ ಒಂದು ಪಾಲಿಗಿಂತ ಜಾಸ್ತಿ.

‘ಲಾಟರಿ ಹೊಡೀತು’ ಅಂತ ಎಲ್ಲರೂ ಬರೆಯುತ್ತಾರೆ. ಅಕ್ಷರ ಸಿಕ್ಕಿದ್ದು ಅದೃಷ್ಟವೇ, ಸರಿ. ಆದರೆ ಇಷ್ಟು ಚಿಕ್ಕ ದ್ವೀಪಕ್ಕೆ ಸ್ವಂತದ್ದೊಂದು ಸಂಕೇತ ಇರುವುದೇ ದೊಡ್ಡ ಮಾತು. ಅದು ಹೇಗೆ ಬಂತು ಅಂತ ಹುಡುಕಿಕೊಂಡು ಹೋದರೆ ಬರಡು ನೆಲ, ಬಿಳಿ ಮರಳು, ಉಪ್ಪಿನ ಕೆರೆ, ಕೊನೆಗೆ 1967ರ ಒಂದು ವಿಚಿತ್ರ ಬಂಡಾಯ ಸಿಗುತ್ತದೆ.

## ಎರಡಕ್ಷರದ ಲೆಕ್ಕ

ನಂಬರ್ ಪ್ಲೇಟ್ ಮೇಲೆ ‘ಕೆಎ’ ಕಂಡರೆ ಅದು ಕರ್ನಾಟಕದ ಗಾಡಿ ಅಂತ ಗೊತ್ತಾಗುತ್ತದೆ. ಇಂಟರ್‌ನೆಟ್ಟಿನಲ್ಲೂ ಹೀಗೇ. ಭಾರತಕ್ಕೆ ಐಎನ್, ಜಪಾನಿಗೆ ಜೆಪಿ, ಆಂಗ್ವಿಲ್ಲಾಕ್ಕೆ ಎಐ. ಅಕ್ಷರ ಚೆನ್ನಾಗಿದೆ ಅಂತ ಇಡೀ ಪ್ರಪಂಚದವರು ಸುಮ್ನೆ ಕೆಎ ನಂಬರೇ ಬೇಕು ಎಂದು ಸಾಲುಗಟ್ಟಿ ನಿಂತರೆ ಶುಲ್ಕ ಬರುವುದು ನಮ್ಮ ಆರ್‌ಟಿಒಗೆ ಅಲ್ವಾ? ಆಂಗ್ವಿಲ್ಲಾಕ್ಕೆ ಆಗಿರುವುದು ಇದೇ.

ಈ ಸಂಕೇತಗಳನ್ನು ಇಂಟರ್‌ನೆಟ್ ಮಾಡಿದವರು ಯೋಚಿಸಿ ಕೊಟ್ಟದ್ದಲ್ಲ. ದೇಶಗಳನ್ನೂ ಪ್ರತ್ಯೇಕ ಪ್ರದೇಶಗಳನ್ನೂ ಗುರುತಿಸಲು ಅಂತಾರಾಷ್ಟ್ರೀಯ ಮಾನಕ ಸಂಸ್ಥೆ, ಅಂದರೆ ಐಎಸ್ಒ, 1974ರಲ್ಲೇ ಒಂದು ಪಟ್ಟಿ ಮಾಡಿತ್ತು. ಇಂಟರ್‌ನೆಟ್ ಬಂದಾಗ ಅದನ್ನೇ ಎತ್ತಿಕೊಂಡರು. ಮೊದಲ ಪಟ್ಟಿಯಲ್ಲಿ ಎಐ ಆಂಗ್ವಿಲ್ಲಾದ್ದಾಗಿರಲಿಲ್ಲ. ಆಫ್ರಿಕಾದಲ್ಲಿ ಫ್ರೆಂಚರ ಹಿಡಿತದಲ್ಲಿದ್ದ ಅಫಾರ್ ಮತ್ತು ಇಸ್ಸಾ ಜನರ ಪ್ರದೇಶಕ್ಕೆ ಅದು ಸೇರಿತ್ತು. 1977ರಲ್ಲಿ ಆ ಪ್ರದೇಶ ಸ್ವತಂತ್ರವಾಗಿ ಜಿಬೂಟಿ ಆಯಿತು, ಅಕ್ಷರಗಳು ಖಾಲಿ ಬಿದ್ದವು. 1980ರ ದಶಕದಲ್ಲಿ ಅವು ಆಂಗ್ವಿಲ್ಲಾಕ್ಕೆ ಬಂದವು. ಅದಕ್ಕೂ ಮೊದಲು ಸೇಂಟ್ ಕಿಟ್ಸ್, ನೆವಿಸ್ ಎಂಬ ಬೇರೆ ಎರಡು ಕೆರಿಬಿಯನ್ ದ್ವೀಪಗಳಿಗೂ ಆಂಗ್ವಿಲ್ಲಾಕ್ಕೂ ಸೇರಿ ಒಂದೇ ಸಂಕೇತ ಇತ್ತು, ಕೆಎನ್ ಅಂತ. ಜನ ಆ ಗುಂಪಿನಿಂದ ಹೊರಬರದೇ ಹೋಗಿದ್ದರೆ ಇವತ್ತು ಡಾಟ್ ಎಐ ದುಡ್ಡು ಅವರಿಗೆ ಬರುತ್ತಲೇ ಇರಲಿಲ್ಲ.

## ಹೊಳೆ ಇಲ್ಲದ ನೆಲ

ಆಂಗ್ವಿಲ್ಲಾ ಉದ್ದಕ್ಕೆ ಸುಮಾರು 26 ಕಿಲೋಮೀಟರ್. ತೀರಾ ಅಗಲ ಇರುವಲ್ಲಿ 5 ಕಿಲೋಮೀಟರ್. ಒಟ್ಟು ವಿಸ್ತೀರ್ಣ 91 ಚದರ ಕಿಲೋಮೀಟರ್. ಹೆಚ್ಚುಕಮ್ಮಿ ಚಪ್ಪಟೆ. ತುತ್ತತುದಿ ಅನ್ನಿಸಿಕೊಂಡ ಕ್ರೋಕಸ್ ಹಿಲ್ ಕೂಡ ಸಮುದ್ರಮಟ್ಟದಿಂದ 70 ಮೀಟರ್ ಆಸುಪಾಸು ಇದೆ, ಅಷ್ಟೇ. ರಾಜಧಾನಿಯ ಹೆಸರು ದಿ ವ್ಯಾಲಿ.

ಕೆರಿಬಿಯನ್ನಿನ ಎಷ್ಟೋ ದ್ವೀಪಗಳು ಜ್ವಾಲಾಮುಖಿಯಿಂದ ಎದ್ದ ಬೆಟ್ಟಗಳು. ಬೆಟ್ಟಕ್ಕೆ ಮೋಡ ತಾಗುತ್ತದೆ, ಮಳೆ ಬೀಳುತ್ತದೆ, ಕಾಡು ಬೆಳೆಯುತ್ತದೆ, ಹೊಳೆ ಹರಿಯುತ್ತದೆ. ಆಂಗ್ವಿಲ್ಲಾದ ಮೇಲ್ಪದರ ಸುಣ್ಣಕಲ್ಲು. ಸಮುದ್ರದೊಳಗೆ ಹವಳ ಮತ್ತು ಚಿಪ್ಪು ಗಟ್ಟಿಯಾಗಿ ಆದ ಕಲ್ಲು ಅದು. ಮೋಡ ತಡೆಯಲು ಬೆಟ್ಟವಿಲ್ಲ. ಬಿದ್ದ ಅಷ್ಟಿಷ್ಟು ಮಳೆಯೂ ತೂತು ತೂತಾದ ಕಲ್ಲಿನೊಳಗೆ ಇಳಿದು ಹೋಗುತ್ತದೆ. ಹಾಗಾಗಿ ಇಲ್ಲಿ ಒಂದು ಹೊಳೆಯೂ ಇಲ್ಲ. ಮಾಡಿನ ಮೇಲೆ ಬಿದ್ದ ನೀರನ್ನು ಮನೆಯ ತೊಟ್ಟಿಗೆ ಇಳಿಸಿಕೊಂಡು ಬದುಕಿದ ಜನ ಇವರು. ಈಗ ಸಮುದ್ರದ ನೀರಿನಿಂದ ಉಪ್ಪು ತೆಗೆದು ಕೊಡುವ ಘಟಕಗಳಿವೆ.

ಹಳೆಯ ಕಾಲದಲ್ಲಿ ಸಿಹಿನೀರು ಎಷ್ಟು ದೊಡ್ಡ ವಿಷಯವಾಗಿತ್ತು ಎಂದು ತಿಳಿಯಬೇಕಾದರೆ ಶೋಲ್ ಬೇ ಹತ್ತಿರದ ಫೌಂಟನ್ ಗುಹೆಯನ್ನು ನೋಡಬೇಕು. ನೆಲದಡಿಯ ಗುಹೆ, ಒಳಗೆ ಸಿಹಿನೀರಿನ ಕೊಳ. ಯುರೋಪಿನವರು ಬರುವುದಕ್ಕೆ ನೂರಾರು ವರ್ಷ ಮೊದಲೇ ಇಲ್ಲಿನ ಮೂಲನಿವಾಸಿಗಳು ಇಲ್ಲಿಗೆ ಬಂದು ಪೂಜೆ ಮಾಡುತ್ತಿದ್ದರು. ಹನಿ ಹನಿ ಸುಣ್ಣದ ನೀರು ಬಿದ್ದು ನೆಲದಿಂದ ಮೇಲಕ್ಕೆ ಬೆಳೆದ ಕಂಬದಂಥ ಕಲ್ಲೊಂದು ಅಲ್ಲಿದೆ. ಅದರ ತುದಿಗೆ ಅವರು ಮುಖ ಕೆತ್ತಿದ್ದಾರೆ. ಅದು ಅವರ ದೊಡ್ಡ ದೇವರು ಜೊಕಾಹು. ಮರಗೆಣಸು ಕೊಡುವ ದೇವರು. ಗೋಡೆಗಳ ಮೇಲೂ ಮುಖಗಳ ಕೆತ್ತನೆ ಇವೆ. ಬಹಳ ನಾಜೂಕು ಜಾಗವಾದ್ದರಿಂದ ಇದನ್ನು ಸಾರ್ವಜನಿಕರಿಗೆ ತೆರೆದಿಲ್ಲ. ಇಂಥದ್ದೇ ಕೆತ್ತನೆ ಐಲ್ಯಾಂಡ್ ಹಾರ್ಬರ್ ಊರಿನ ಬಿಗ್ ಸ್ಪ್ರಿಂಗ್ ಎಂಬ ಇನ್ನೊಂದು ನೀರಿನ ಜಾಗದಲ್ಲೂ ಇದೆ. ನೀರು ಇದ್ದಲ್ಲೇ ದೇವರೂ ಇದ್ದ.

## ಮರಳು ಇಷ್ಟು ಬಿಳಿ ಯಾಕೆ?

ಬೇಸಾಯಕ್ಕೆ ಶಾಪವಾದ ಈ ನೆಲವೇ ಬೀಚಿಗೆ ವರ. ಬೀಚಿನ ಮರಳಿನ ಬಣ್ಣ ಅದು ಎಲ್ಲಿಂದ ಬಂತು ಎಂಬುದರ ಮೇಲೆ ಇರುತ್ತದೆ. ಹತ್ತಿರದ ಮಾಂಟ್ಸೆರಾಟ್ ದ್ವೀಪದಲ್ಲಿ ಜ್ವಾಲಾಮುಖಿಯ ಕಲ್ಲು ಪುಡಿಯಾಗಿ ಮರಳು ಆಗುತ್ತದೆ. ಹಾಗಾಗಿ ಅಲ್ಲಿನ ಬೀಚುಗಳು ಕಪ್ಪು, ಬೂದು. ಆಂಗ್ವಿಲ್ಲಾದ ಮರಳು ಜೀವಿಗಳಿಂದ ಆದದ್ದು. ಹವಳದ ಚೂರು, ಚಿಪ್ಪಿನ ಪುಡಿ, ಸುಣ್ಣ ತುಂಬಿಕೊಂಡು ಬೆಳೆಯುವ ಕೆಲವು ಪಾಚಿಗಳ ಒಣ ಬಿಲ್ಲೆಗಳು, ಎಲ್ಲವೂ ಕ್ಯಾಲ್ಶಿಯಂ ಕಾರ್ಬೊನೇಟ್. ಕೆಲವು ಬಗೆಯ ಸೀಮೆಸುಣ್ಣದಲ್ಲಿ ಇರುವುದೂ ಇದೇ. ಅದಕ್ಕೇ ಆ ಬಿಳಿ.

ಇದರಲ್ಲಿ ಒಂದು ಮೀನಿನ ಕೈವಾಡವೂ ಇದೆ. ಪ್ಯಾರಟ್‌ಫಿಶ್ ಅಂತ. ಹೆಸರಿಗೆ ತಕ್ಕ ಹಾಗೆ ಬಾಯಿ ಗಿಳಿಯ ಕೊಕ್ಕಿನಂತೆ ಇರುತ್ತದೆ. ಸತ್ತ ಹವಳದ ಮೇಲಿನ ಪಾಚಿ ತಿನ್ನಲು ಅದು ಕಲ್ಲನ್ನೇ ಕಚ್ಚಿ ಕೆರೆಯುತ್ತದೆ. ಗಂಟಲ ಹಲ್ಲುಗಳಿಂದ ನುಣ್ಣಗೆ ಅರೆಯುತ್ತದೆ. ಪಾಚಿ ಹೊಟ್ಟೆಗೆ, ಕಲ್ಲಿನ ಪುಡಿ ಹಿಂದಿನಿಂದ ಹೊರಗೆ. ಹೌದು, ಜನ ಲಕ್ಷಗಟ್ಟಲೆ ಖರ್ಚು ಮಾಡಿ ಹೋಗಿ ಮಲಗುವ ಮರಳಿನಲ್ಲಿ ಒಂದು ಪಾಲು ಮೀನಿನ ಹಿಕ್ಕೆ. ತೊಳೆದು ಶುದ್ಧವಾಗಿರುತ್ತದೆ, ಹೆದರಬೇಡಿ.

ನೀರು ಅಷ್ಟು ತಿಳಿಯಾಗಿ ನೀಲಿ ಕಾಣುವುದಕ್ಕೂ ಕಾರಣ ಇದೆ. ಹೊಳೆ ಇಲ್ಲ ಅಂದೆನಲ್ಲ, ಹಾಗಾಗಿ ಸಮುದ್ರಕ್ಕೆ ಮಣ್ಣು ತಂದು ಹಾಕುವವರೂ ಇಲ್ಲ. ಕೆಳಗೆ ಬಿಳಿ ಮರಳು, ಮೇಲೆ ತಿಳಿ ನೀರು. ಬಿಸಿಲು ತಳ ಮುಟ್ಟಿ ಹಿಂತಿರುಗುತ್ತದೆ.

ಈ ಮರಳು ನಿಂತಲ್ಲಿ ನಿಲ್ಲುವುದಿಲ್ಲ. ಚಳಿಗಾಲದಲ್ಲಿ ಉತ್ತರ ಅಟ್ಲಾಂಟಿಕ್‌ನ ಬಿರುಗಾಳಿಗಳಿಂದ ದೊಡ್ಡ ಅಲೆಗಳು ಬಂದು ಉತ್ತರ ದಿಕ್ಕಿನ ಬೀಚುಗಳನ್ನು ಕೆರೆದುಕೊಂಡು ಹೋಗುತ್ತವೆ. ಅಲೆ ಶಾಂತವಾದ ತಿಂಗಳುಗಳಲ್ಲಿ ಮರಳು ಹಿಂದಿರುಗುತ್ತದೆ. ಬೀಚಿನ ಹಿಂದಿನ ಮರಳು ದಿಬ್ಬಗಳು ಈ ವ್ಯವಹಾರದಲ್ಲಿ ಇಟ್ಟ ಗಂಟು. ಚಂಡಮಾರುತ ಬಂದಾಗ ಸಮುದ್ರ ಮೊದಲು ಈ ಗಂಟಿಗೆ ಕೈ ಹಾಕುತ್ತದೆ. ಮನೆ ಕಟ್ಟಲು ದಿಬ್ಬದ ಮರಳನ್ನೇ ಲಾರಿಗೆ ತುಂಬಿದರೆ ಕಷ್ಟಕಾಲಕ್ಕೆ ಏನೂ ಉಳಿಯುವುದಿಲ್ಲ. ಆಂಗ್ವಿಲ್ಲಾ ಇದನ್ನು ಅನುಭವಿಸಿಯೇ ಕಲಿತಿದೆ. ಪೂರ್ವ ತೀರದ ಸೈಲ್ ಬೇ ಮರಳುಗಾರಿಕೆಯಿಂದಲೇ ಹಾಳಾಯಿತು.

## ಮೂವತ್ತಮೂರರಲ್ಲಿ ಕೆಲವು

ದ್ವೀಪದವರು ತಮ್ಮಲ್ಲಿ 33 ಬೀಚುಗಳಿವೆ ಅನ್ನುತ್ತಾರೆ. ಎಲ್ಲವೂ ಸಾರ್ವಜನಿಕ. ಬೀಚಿನ ಹಿಂದೆ ಎಷ್ಟೇ ದುಬಾರಿ ಹೋಟೆಲ್ ಇರಲಿ, ಮರಳಿನ ಮೇಲೆ ನಡೆಯಲು ಯಾರ ಅಪ್ಪಣೆಯೂ ಬೇಡ.

ಹೆಚ್ಚು ಫೋಟೊ ಬರುವುದು ಶೋಲ್ ಬೇ ಈಸ್ಟ್‌ದು. ಹಿಟ್ಟಿನಂಥ ಮರಳು, ಸ್ವಲ್ಪ ದೂರದಲ್ಲೇ ಹವಳದ ದಿಬ್ಬ. ಪಶ್ಚಿಮದ ಮೀಡ್ಸ್ ಬೇ, ಮಾಂಡೇಸ್ ಬೇ ಕಡೆ ದೊಡ್ಡ ಹೋಟೆಲುಗಳು. ದಕ್ಷಿಣಕ್ಕೆ ಮುಖ ಮಾಡಿರುವ ರಾಂದೆವೂ ಬೇ ಅರ್ಧಚಂದ್ರದ ಹಾಗೆ ಬಾಗಿದೆ. ಎದುರಿಗೆ ಸೇಂಟ್ ಮಾರ್ಟಿನ್ ದ್ವೀಪದ ಬೆಟ್ಟಗಳು ಕಾಣುತ್ತವೆ. ಲಿಟಲ್ ಬೇ ಕಡಿದಾದ ಬಂಡೆಯ ಬುಡದಲ್ಲಿದೆ. ಅಲ್ಲಿಗೆ ದೋಣಿಯಲ್ಲಿ ಹೋಗಬೇಕು, ಇಲ್ಲವೇ ಧೈರ್ಯ ಇದ್ದವರು ಹಗ್ಗ ಹಿಡಿದು ಇಳಿಯಬೇಕು.

ನನ್ನನ್ನು ಕೇಳಿದರೆ ದ್ವೀಪದ ಕತೆ ಗೊತ್ತಾಗುವುದು ಇವುಗಳಲ್ಲಿ ಅಲ್ಲ, ಸ್ಯಾಂಡಿ ಗ್ರೌಂಡ್‌ನಲ್ಲಿ. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಉಪ್ಪಿನ ಕೆರೆ, ನಡುವೆ ಸಣ್ಣದೊಂದು ಮರಳಿನ ಪಟ್ಟಿ. ಅದರ ಮೇಲೇ ಊರು.

## ತೋಟ ಸೋತಿತು, ಜನ ಉಳಿದರು

ಇಂಗ್ಲಿಷರು ಇಲ್ಲಿ ನೆಲೆಯೂರಿದ್ದು 1650ರಲ್ಲಿ, ಸೇಂಟ್ ಕಿಟ್ಸ್ ಕಡೆಯಿಂದ ಬಂದು. ತಂಬಾಕು ಹಾಕಿದರು, ಹತ್ತಿ ಹಾಕಿದರು, ಕಬ್ಬು ಹಾಕಿದರು. ಆಫ್ರಿಕಾದಿಂದ ತಂದ ಗುಲಾಮರನ್ನು ದುಡಿಸಿದರು. ಬಾರ್ಬಡೋಸ್, ಸೇಂಟ್ ಕಿಟ್ಸ್‌ಗಳಲ್ಲಿ ಕಬ್ಬು ದೊಡ್ಡ ಸಾಮ್ರಾಜ್ಯ ಕಟ್ಟಿತು. ಇಲ್ಲಿ ಮಳೆ ಕೈಕೊಡುತ್ತಲೇ ಇತ್ತು. ದಿ ವ್ಯಾಲಿಯಲ್ಲಿರುವ ವಾಲ್‌ಬ್ಲೇಕ್ ಹೌಸ್ ಎಂಬ ತೋಟದ ಮನೆ ಆ ಕಾಲದ್ದು, 1787ರದ್ದು.

18ನೇ ಶತಮಾನದಲ್ಲಿ ಫ್ರೆಂಚರು ಎರಡು ಸಲ ದಾಳಿ ಮಾಡಿದರು. 1745ರಲ್ಲಿ ಒಮ್ಮೆ, 1796ರಲ್ಲಿ ಇನ್ನೊಮ್ಮೆ. ಎರಡನೇ ಸಲ ಅವರು ಇಳಿದದ್ದು ಈಗ ಪ್ರವಾಸಿಗಳು ಕೊಡೆ ಹಾಕಿ ಮಲಗುವ ರಾಂದೆವೂ ಬೇ ಬೀಚಿನಲ್ಲೇ. ಎರಡು ಸಲವೂ ಹಿಮ್ಮೆಟ್ಟಿದರು.

1834ರಲ್ಲಿ ಬ್ರಿಟಿಷ್ ವಸಾಹತುಗಳಲ್ಲಿ ಗುಲಾಮಗಿರಿ ಕಾನೂನಿನ ಪ್ರಕಾರ ಮುಗಿಯಿತು. ಬೇರೆ ದ್ವೀಪಗಳಲ್ಲಿ ಬಿಡುಗಡೆ ಆದವರು ಮತ್ತೆ ಅದೇ ಧಣಿಯ ತೋಟದಲ್ಲಿ ಕೂಲಿಗೆ ನಿಲ್ಲಬೇಕಾಯಿತು, ಯಾಕೆಂದರೆ ಒಳ್ಳೆಯ ನೆಲ ಧಣಿಯ ಕೈಯಲ್ಲೇ ಇತ್ತು. ಆಂಗ್ವಿಲ್ಲಾದಲ್ಲಿ ನೆಲವೇ ಪ್ರಯೋಜನವಿಲ್ಲದ್ದು. ಲಾಭ ಇಲ್ಲ ಅಂತ ಎಷ್ಟೋ ಧಣಿಗಳು ಬಿಟ್ಟು ಹೋದರು. ಬಿಡುಗಡೆ ಆದವರು ಚೂರು ಚೂರು ಜಮೀನು ಕೊಂಡರು. ಹೀಗೆ ತೋಟವಿಲ್ಲದ, ದೊಡ್ಡ ಧಣಿಯಿಲ್ಲದ, ತಮ್ಮ ತುಂಡು ನೆಲಕ್ಕೆ ತಾವೇ ಯಜಮಾನರಾದ ಜನರ ಊರು ಇದಾಯಿತು. ಮುಂದೆ 1967ರಲ್ಲಿ ಇವರು ಯಾರ ಮಾತಿಗೂ ಬಗ್ಗದೇ ನಿಂತದ್ದರ ಬೇರು ಇಲ್ಲಿದೆ ಅಂತ ನನಗನ್ನಿಸುತ್ತದೆ.

ಹೊಟ್ಟೆಗೆ ಮಾತ್ರ ಕಷ್ಟ. ಬರ ಬಂತು, ಹಸಿವು ಬಂತು. 1840ರ ದಶಕದಲ್ಲಿ ಬ್ರಿಟಿಷರು ಒಂದು ಉಪಾಯ ಹೇಳಿದರು. ಎಲ್ಲರನ್ನೂ ಎತ್ತಿ ದಕ್ಷಿಣ ಅಮೆರಿಕದ ಡೆಮೆರಾರಾಕ್ಕೆ, ಅಂದರೆ ಈಗಿನ ಗಯಾನಾಕ್ಕೆ, ಸಾಗಿಸಿಬಿಡೋಣ ಅಂತ. ಜನ ಒಪ್ಪಲಿಲ್ಲ.

## ಉಪ್ಪು ಮತ್ತು ಹಾಯಿದೋಣಿ

ನೆಲ ಕೊಡದ್ದನ್ನು ಬಿಸಿಲು, ಸಮುದ್ರ ಕೊಟ್ಟವು. ಸ್ಯಾಂಡಿ ಗ್ರೌಂಡ್‌ನ ಕೆರೆಗೆ ಉಪ್ಪುನೀರು ಸೇರುತ್ತದೆ. ಒಣ ತಿಂಗಳುಗಳಲ್ಲಿ ನೀರು ಆವಿಯಾಗಿ ತಳದಲ್ಲಿ ಉಪ್ಪು ಹೆಪ್ಪುಗಟ್ಟುತ್ತದೆ. ಜನ ಕೆರೆಗಿಳಿದು ಹರಳು ಮುರಿದು, ತೊಳೆದು, ಚಪ್ಪಟೆ ದೋಣಿಗೆ ತುಂಬಿ ದಡಕ್ಕೆ ತಳ್ಳುತ್ತಿದ್ದರು. ಮಳೆ ಬಂದರೆ ಆ ವರ್ಷದ ಫಸಲು ಕರಗಿಹೋಯಿತು ಅಂತ ಲೆಕ್ಕ. ಬೇಸಾಯಕ್ಕೆ ಮಳೆ ಬೇಕು, ಉಪ್ಪಿಗೆ ಮಳೆ ಬೇಡ. ಎಂಥ ಫಜೀತಿ ನೋಡಿ! ಈ ಉಪ್ಪು ಟ್ರಿನಿಡಾಡ್‌ವರೆಗೂ ಹೋಗುತ್ತಿತ್ತು. 1980ರ ದಶಕದಲ್ಲಿ ಈ ಕಸುಬು ನಿಂತಿತು. ಉಪ್ಪಿನ ಯಂತ್ರಗಳಿದ್ದ ಕಟ್ಟಡ ಈಗ ಒಂದು ಬಾರ್.

ಇನ್ನೊಂದು ದಾರಿ ವಲಸೆ. ಪ್ರತಿವರ್ಷ ಗಂಡಸರು ಹಾಯಿಹಡಗು ಹತ್ತಿ ಸ್ಯಾಂಟೊ ಡೊಮಿಂಗೊ ಕಡೆಗೆ, ಈಗಿನ ಡೊಮಿನಿಕನ್ ರಿಪಬ್ಲಿಕ್‌ಗೆ, ಕಬ್ಬು ಕಡಿಯಲು ಹೋಗುತ್ತಿದ್ದರು. ಹಡಗುಗಳನ್ನು ಕಟ್ಟುತ್ತಿದ್ದವರೂ ಇವರೇ. ವಾರ್‌ಸ್ಪೈಟ್ ಎಂಬ ಹಡಗು ಎಷ್ಟು ಹೆಸರಾಯಿತು ಎಂದರೆ ಆಮೇಲೆ ಪೂರ್ವ ಕೆರಿಬಿಯನ್ನಿನ 10 ಡಾಲರ್ ನೋಟಿನ ಮೇಲೆ ಅದರ ಚಿತ್ರ ಬಂತು. ಕಬ್ಬಿನ ಕೆಲಸ ಮುಗಿಸಿ ಊರಿಗೆ ಮರಳುವಾಗ ಯಾರ ಹಡಗು ಮೊದಲು ಎಂಬ ಪೈಪೋಟಿ ಶುರುವಾಗುತ್ತಿತ್ತು. ಅದೇ ಬೆಳೆದು ಇವತ್ತಿನ ದೋಣಿ ಓಟವಾಗಿದೆ.

ಕೆರಿಬಿಯನ್ ಅಂದರೆ ನಮಗೆ ಕ್ರಿಕೆಟ್. ಇಲ್ಲಿಯೂ ಕ್ರಿಕೆಟ್ ಆಡುತ್ತಾರೆ. ಆದರೆ ದ್ವೀಪದ ರಾಷ್ಟ್ರೀಯ ಆಟ ಹಾಯಿದೋಣಿ ಓಟ. ಆಗಸ್ಟ್ ಮೊದಲ ಸೋಮವಾರ ಸ್ಯಾಂಡಿ ಗ್ರೌಂಡ್‌ನಲ್ಲಿ ನಿಲ್ಲಲು ಜಾಗ ಇರುವುದಿಲ್ಲ. ಗುಲಾಮಗಿರಿ ಮುಗಿದ ನೆನಪಿನ ಹಬ್ಬವೂ ಅದೇ ದಿನ. ದೋಣಿಗಳಿಗೆ ಅಟ್ಟ ಇರುವುದಿಲ್ಲ, ಹಾಯಿ ಮಾತ್ರ ಬೃಹತ್. ಮಗುಚದಿರಲಿ ಅಂತ ತಳಕ್ಕೆ ಕಲ್ಲು, ಮರಳಿನ ಚೀಲ ಹೇರುತ್ತಾರೆ.

ಅಂದಹಾಗೆ ಕ್ರಿಕೆಟ್ ಪ್ರಿಯರಿಗೆ ಒಂದು ಮಾತು. 2003ರಲ್ಲಿ ಆಂಟಿಗಾದಲ್ಲಿ ವೆಸ್ಟ್ ಇಂಡೀಸ್ ಆಸ್ಟ್ರೇಲಿಯಾದ ವಿರುದ್ಧ 418 ರನ್ ಬೆನ್ನಟ್ಟಿ ಗೆದ್ದ ಟೆಸ್ಟ್ ನೆನಪಿದೆಯಾ? ಕೊನೆಗೆ 47 ರನ್ ಹೊಡೆದು ಔಟಾಗದೇ ಉಳಿದ ಒಮರಿ ಬ್ಯಾಂಕ್ಸ್ ಇದೇ ದ್ವೀಪದ ಹುಡುಗ. ಆಂಗ್ವಿಲ್ಲಾದಿಂದ ಟೆಸ್ಟ್ ಆಡಿದ ಮೊದಲಿಗ.

## 1967: ಸ್ವಾತಂತ್ರ್ಯ ಬೇಡ ಎಂದ ಬಂಡಾಯ

ಆಡಳಿತಕ್ಕೆ ಸುಲಭ ಅಂತ ಬ್ರಿಟಿಷರು 1825ರಲ್ಲೇ ಆಂಗ್ವಿಲ್ಲಾವನ್ನು ಸೇಂಟ್ ಕಿಟ್ಸ್‌ನ ಶಾಸನಸಭೆಯ ಕೆಳಗೆ ಹಾಕಿದ್ದರು. ಸೇಂಟ್ ಕಿಟ್ಸ್ ಇರುವುದು ನೂರಕ್ಕೂ ಹೆಚ್ಚು ಕಿಲೋಮೀಟರ್ ದೂರ. ನಡುವೆ ಬೇರೆ ದ್ವೀಪಗಳಿವೆ. ಅಲ್ಲಿ ಕಬ್ಬಿನ ತೋಟ, ಕಾರ್ಮಿಕ ಸಂಘ, ಅದರದ್ದೇ ರಾಜಕೀಯ. ಇಲ್ಲಿ ಮೀನು, ಉಪ್ಪು, ಸಣ್ಣ ಹಿಡುವಳಿ. 1872ರಲ್ಲೇ ಜನ ‘ನಮ್ಮನ್ನು ನೇರವಾಗಿ ನೀವೇ ಆಳಿ’ ಎಂದು ಬ್ರಿಟನ್ನಿಗೆ ಅರ್ಜಿ ಕೊಟ್ಟಿದ್ದರು. ಯಾರೂ ಕೇಳಲಿಲ್ಲ.

1960ರ ದಶಕಕ್ಕೆ ಬಂದರೂ ದ್ವೀಪದಲ್ಲಿ ಮನೆಮನೆಗೆ ವಿದ್ಯುತ್ ಇಲ್ಲ, ಟಾರು ರಸ್ತೆ ಇಲ್ಲ, ನಲ್ಲಿ ನೀರಿಲ್ಲ, ಫೋನ್ ಇಲ್ಲ. ಬಜೆಟ್ಟಿನ ದುಡ್ಡೆಲ್ಲ ಸೇಂಟ್ ಕಿಟ್ಸ್‌ನಲ್ಲೇ ಖರ್ಚಾಗುತ್ತಿದೆ ಎಂಬ ಸಿಟ್ಟು. ಅಷ್ಟರಲ್ಲಿ ಬ್ರಿಟನ್ ಸಣ್ಣ ವಸಾಹತುಗಳನ್ನು ಕೈಬಿಡಲು ಹೊರಟಿತು. 1967ರ ಫೆಬ್ರವರಿ 27ರಂದು ಸೇಂಟ್ ಕಿಟ್ಸ್-ನೆವಿಸ್-ಆಂಗ್ವಿಲ್ಲಾ ಒಂದು ‘ಸಹವರ್ತಿ ರಾಜ್ಯ’ ಆಯಿತು. ಅಂದರೆ ಒಳಗಿನ ಆಡಳಿತ ಪೂರ್ತಿ ಅವರದ್ದು, ರಕ್ಷಣೆ ಮತ್ತು ವಿದೇಶಾಂಗ ಬ್ರಿಟನ್‌ದು. ಸೇಂಟ್ ಕಿಟ್ಸ್‌ನ ರಾಬರ್ಟ್ ಬ್ರ್ಯಾಡ್‌ಶಾ ಮುಖ್ಯಸ್ಥ. ಆಂಗ್ವಿಲ್ಲಾದವರಿಗೆ ಇದು ಸ್ವಾತಂತ್ರ್ಯ ಅನ್ನಿಸಲಿಲ್ಲ. ಬ್ರಿಟಿಷರ ಕೈಯಿಂದ ಬ್ರ್ಯಾಡ್‌ಶಾ ಕೈಗೆ ದಾಟಿಸಿದಂತೆ ಅನ್ನಿಸಿತು.

ಗಲಾಟೆ ಶುರುವಾಗಿದ್ದು ಸೌಂದರ್ಯ ಸ್ಪರ್ಧೆಯಿಂದ. ಹೊಸ ರಾಜ್ಯದ ಸಂಭ್ರಮಕ್ಕೆ ಫೆಬ್ರವರಿ 4ರಂದು ದ್ವೀಪದಲ್ಲಿ ‘ರಾಣಿ’ಯನ್ನು ಆರಿಸುವ ಕಾರ್ಯಕ್ರಮ ಇಟ್ಟಿದ್ದರು. ಜನ ನುಗ್ಗಿ ಕೆಡಿಸಿದರು. ಪೊಲೀಸರು ಅಶ್ರುವಾಯು ಬಿಟ್ಟರು. ಮೇ 30ರಂದು ಸೇಂಟ್ ಕಿಟ್ಸ್‌ನ ಪೊಲೀಸರನ್ನೇ ವಿಮಾನ ಹತ್ತಿಸಿ ಕಳಿಸಿಬಿಟ್ಟರು. ಆ ದಿನವನ್ನು ಇವತ್ತಿಗೂ ‘ಆಂಗ್ವಿಲ್ಲಾ ಡೇ’ ಅಂತ ಆಚರಿಸುತ್ತಾರೆ. ಜೂನ್ 10ರಂದು ಒಂದಷ್ಟು ಜನ ದೋಣಿಯಲ್ಲಿ ಹೋಗಿ ಸೇಂಟ್ ಕಿಟ್ಸ್ ಮೇಲೇ ದಾಳಿಗೆ ಕೈ ಹಾಕಿದರು. ಅದು ಎಡವಟ್ಟಾಯಿತು. ಜುಲೈ 11ರಂದು ಜನಮತ ಕೇಳಿದರು. ಬೇರೆಯಾಗೋಣ ಎಂದವರು 1,813 ಜನ. ಬೇಡ ಎಂದವರು 5.

ನಾಯಕರಲ್ಲಿ ಪೀಟರ್ ಆಡಮ್ಸ್, ಅಟ್ಲಿನ್ ಹ್ಯಾರಿಗನ್, ರೊನಾಲ್ಡ್ ವೆಬ್‌ಸ್ಟರ್ ಮುಖ್ಯರು. ಸರ್ಕಾರ ನಡೆಸಲು ದುಡ್ಡೆಲ್ಲಿ? ಹೆಸರನ್ನೇ ಮಾರಿದರು. ‘ಸ್ವತಂತ್ರ ಆಂಗ್ವಿಲ್ಲಾ’ ಎಂದು ಮೇಲೊತ್ತಿದ ಅಂಚೆಚೀಟಿ ಬಂತು. ಮೆಕ್ಸಿಕೊ, ಪೆರು ಮುಂತಾದ ದೇಶಗಳ ಹಳೆಯ ಬೆಳ್ಳಿ ನಾಣ್ಯಗಳ ಮೇಲೆ ಅಚ್ಚು ಹೊಡೆದು ‘ಲಿಬರ್ಟಿ ಡಾಲರ್’ ಅಂದರು. ಬೆನ್ನಿಗೆ ನಿಂತ ಸ್ಯಾನ್ ಫ್ರಾನ್ಸಿಸ್ಕೊದ ಗೆಳೆಯರ ಒಂದು ಗುಂಪಿನ ನೆರವಿನಿಂದ 1967ರ ಆಗಸ್ಟ್‌ನಲ್ಲಿ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಇಡೀ ಪುಟದ ಜಾಹೀರಾತು ಬಂತು. ಹೋಟೆಲಿನಲ್ಲಿ ಪರರ ಎಂಜಲು ತಟ್ಟೆ ಎತ್ತುವವರ ದೇಶ ನಾವಾಗುವುದಿಲ್ಲ ಎಂಬ ಧಾಟಿ ಅದರದ್ದು. ಅರವತ್ತು ವರ್ಷದ ಹಿಂದೆ ಅಂಚೆಚೀಟಿ ಮೇಲೆ ಹೆಸರು, ಈಗ ವೆಬ್ ವಿಳಾಸದಲ್ಲಿ ಹೆಸರು. ವ್ಯಾಪಾರ ಹೊಸದಲ್ಲ.

## ಒಂದೂ ಗುಂಡು ಹಾರದ ಆಕ್ರಮಣ

ಮಾತುಕತೆ ಎಳೆದಾಡಿತು. 1969ರ ಫೆಬ್ರವರಿಯಲ್ಲಿ ಇನ್ನೊಂದು ಮತದಾನ. ಈ ಸಲ 1,739 ಪರ, 4 ವಿರುದ್ಧ. ಗಣರಾಜ್ಯ ಎಂದು ಘೋಷಿಸಿಕೊಂಡರು. ಮಾರ್ಚ್ 11ರಂದು ವಿಲಿಯಂ ವಿಟ್‌ಲಾಕ್ ಎಂಬ ಬ್ರಿಟಿಷ್ ಕಿರಿಯ ಮಂತ್ರಿ ಬಂದರು. ಅವರ ಪ್ರಸ್ತಾಪ ಜನಕ್ಕೆ ಹಿಡಿಸಲಿಲ್ಲ. ಬಂದೂಕು ಹಿಡಿದವರು ಅದೇ ದಿನ ಅವರನ್ನು ವಾಪಸ್ ಅಟ್ಟಿದರು.

ಲಂಡನ್ನಿಗೆ ಮುಖಭಂಗ. ಮಾರ್ಚ್ 19ರ ಬೆಳಗಿನ ಜಾವ ಎರಡು ಯುದ್ಧನೌಕೆಗಳಿಂದ ಪ್ಯಾರಾಟ್ರೂಪರ್‌ಗಳು, ಒಟ್ಟು ಮುನ್ನೂರರ ಆಸುಪಾಸು ಸೈನಿಕರು, ದ್ವೀಪಕ್ಕೆ ಇಳಿದರು. ಹಿಂದೆಯೇ ಲಂಡನ್ ಪೊಲೀಸರು. ಕಾರ್ಯಾಚರಣೆಯ ಹೆಸರು ‘ಶೀಪ್‌ಸ್ಕಿನ್’. ಕತ್ತಲಲ್ಲಿ ದಡದಿಂದ ಫಳಕ್ ಫಳಕ್ ಎಂದು ಬೆಳಕು. ಅದು ಕಾದು ಕೂತಿದ್ದ ಪತ್ರಕರ್ತರ ಕ್ಯಾಮೆರಾ. ಒಂದೂ ಗುಂಡು ಹಾರಲಿಲ್ಲ, ಯಾರಿಗೂ ಪೆಟ್ಟಾಗಲಿಲ್ಲ. ಜಗತ್ತಿನ ಪತ್ರಿಕೆಗಳು ನಕ್ಕವು.

ಇದರಲ್ಲಿ ಗೊಂದಲ ಆಗುವುದು ಸಹಜ. ಏಷ್ಯಾ, ಆಫ್ರಿಕಾದ ದೇಶಗಳೆಲ್ಲ ಬ್ರಿಟಿಷರು ಹೋಗಲಿ ಎಂದು ಹೋರಾಡಿದ ಕಾಲ ಅದು. ಇವರ ಹೋರಾಟ ತಿರುಗುಮುರುಗು. ಗಣರಾಜ್ಯ ಎಂಬುದು ಬೇರೆ ದಾರಿ ಕಾಣದೇ ಹಿಡಿದ ದಾರಿ. ಮೊದಲಿಂದಲೂ ಕೇಳಿದ್ದು ಒಂದೇ, ‘ಸೇಂಟ್ ಕಿಟ್ಸ್ ಬೇಡ, ಬ್ರಿಟನ್ ನೇರವಾಗಿ ಇರಲಿ’. ಸೈನ್ಯ ಬಂದಿದ್ದರಿಂದ ಅದೇ ಆಯಿತು! ಸೇನೆಯ ಇಂಜಿನಿಯರ್‌ಗಳು ರಸ್ತೆ, ಶಾಲೆ ಮುಂತಾದ ಕೆಲಸಕ್ಕೆ ಕೈ ಹಾಕಿದರು. 1971ರಲ್ಲಿ ಬ್ರಿಟಿಷ್ ಸಂಸತ್ತು ಕಾನೂನು ಮಾಡಿ ಆಡಳಿತವನ್ನು ಕೈಗೆ ತೆಗೆದುಕೊಂಡಿತು. 1976ರಲ್ಲಿ ಸ್ವಂತ ಸಂವಿಧಾನ ಬಂತು, ವೆಬ್‌ಸ್ಟರ್ ಮೊದಲ ಮುಖ್ಯಮಂತ್ರಿ ಆದರು. 1980ರ ಡಿಸೆಂಬರ್ 19ರಂದು ಸೇಂಟ್ ಕಿಟ್ಸ್ ಜೊತೆಗಿನ ನಂಟು ಕಾಗದದಲ್ಲೂ ಕಡಿಯಿತು. ಕೆಲವೇ ವರ್ಷದಲ್ಲಿ ಐಎಸ್ಒ ಪಟ್ಟಿಯಲ್ಲಿ ಎಐ ಆಂಗ್ವಿಲ್ಲಾದ್ದಾಯಿತು.

ಈಗಲೂ ಆಂಗ್ವಿಲ್ಲಾ ದೇಶವಲ್ಲ, ಬ್ರಿಟನ್ನಿನ ಸಾಗರೋತ್ತರ ಪ್ರದೇಶ. ಗವರ್ನರ್ ಬರುವುದು ಲಂಡನ್ನಿನಿಂದ. ದಿನನಿತ್ಯದ ಆಡಳಿತ ಜನ ಆರಿಸಿದ ಪ್ರೀಮಿಯರ್ ಮತ್ತು ಶಾಸನಸಭೆಯದ್ದು.

## ಹೋಟೆಲು, ಬಿರುಗಾಳಿ

1980ರ ದಶಕದಲ್ಲಿ ಪ್ರವಾಸೋದ್ಯಮ ಜೋರಾಯಿತು. ಮಲ್ಲಿಯುಹಾನಾ, ಕ್ಯಾಪ್ ಜುಲುಕಾದಂಥ ಐಷಾರಾಮಿ ಹೋಟೆಲುಗಳು ಎದ್ದವು. ಹೆಚ್ಚು ಜನ ಬೇಡ, ಹೆಚ್ಚು ಖರ್ಚು ಮಾಡುವವರು ಸಾಕು ಎಂಬ ಲೆಕ್ಕಾಚಾರ. ಬಹಳ ಜನ ಸೇಂಟ್ ಮಾರ್ಟಿನ್‌ಗೆ ಹಾರಿ, ಅಲ್ಲಿನ ಮಾರಿಗೊದಿಂದ ದೋಣಿ ಹತ್ತಿ ಅರ್ಧ ಗಂಟೆಯೊಳಗೆ ಬ್ಲೋಯಿಂಗ್ ಪಾಯಿಂಟ್‌ಗೆ ಬರುತ್ತಾರೆ.

ಒಂದೇ ಕಸುಬನ್ನು ನೆಚ್ಚಿಕೊಂಡರೆ ಕಷ್ಟ ಏನೆಂದು ಚಂಡಮಾರುತಗಳು ತೋರಿಸಿದವು. 1995ರಲ್ಲಿ ಲೂಯಿಸ್, 1999ರಲ್ಲಿ ಲೆನಿ, 2017ರ ಸೆಪ್ಟೆಂಬರ್ 6ರಂದು ಇರ್ಮಾ. ಇರ್ಮಾ ಐದನೇ ದರ್ಜೆಯದ್ದು, ಅಂದರೆ ಅಳತೆಯ ತುತ್ತತುದಿ. ಮಾಡು ಹಾರಿತು, ಕಂಬ ಉರುಳಿತು, ಹೋಟೆಲುಗಳು ತಿಂಗಳುಗಟ್ಟಲೆ ಮುಚ್ಚಿದವು. ಆಮೇಲೆ ಕೋವಿಡ್.

## ಹಾಗಾದರೆ ದುಡ್ಡು ಬರುವುದು ಹೇಗೆ?

ಡಾಟ್ ಎಐ ಇಂಟರ್‌ನೆಟ್ಟಿಗೆ ಸೇರಿದ್ದು 1995ರಲ್ಲಿ. ಅಮೆರಿಕದಿಂದ ಬಂದು ಇಲ್ಲಿ ನೆಲೆಸಿದ್ದ ವಿನ್ಸ್ ಕೇಟ್ ಎಂಬ ಕಂಪ್ಯೂಟರ್ ತಜ್ಞ ದಶಕಗಳ ಕಾಲ ಅದನ್ನು ನೋಡಿಕೊಂಡರು. ಬಹಳ ವರ್ಷ ಅದು ಸಣ್ಣ ವ್ಯವಹಾರ. 2022ರ ನವೆಂಬರ್ 30ರಂದು ಚಾಟ್‌ಜಿಪಿಟಿ ಬಂತು. ಅಂತಾರಾಷ್ಟ್ರೀಯ ಹಣಕಾಸು ನಿಧಿಯ ಲೆಕ್ಕದಂತೆ 2022ರಲ್ಲಿ 1.44 ಲಕ್ಷ ಇದ್ದ ವಿಳಾಸಗಳು 2023ರಲ್ಲಿ 3.54 ಲಕ್ಷ ಆದವು. 2024ರಲ್ಲಿ ಆದಾಯ ಸುಮಾರು 3.9 ಕೋಟಿ ಡಾಲರ್‌ಗೆ ಏರಿತು.

ಹೊಸ ವಿಳಾಸವನ್ನು ಕನಿಷ್ಠ ಎರಡು ವರ್ಷಕ್ಕೆ ಕೊಳ್ಳಬೇಕು. 2023ರ ಹೊತ್ತಿಗೆ ಆ ಎರಡು ವರ್ಷಕ್ಕೆ ದ್ವೀಪದ ಪಾಲು 140 ಡಾಲರ್. ನವೀಕರಿಸಿದರೆ ಮತ್ತೆ ದುಡ್ಡು. ಇದು ಹೋಟೆಲಿನ ಆದಾಯಕ್ಕಿಂತ ಬೇರೆ ಥರದ್ದು. ಬಿರುಗಾಳಿ ಬಂದು ಬೀಚು ಖಾಲಿಯಾದರೂ ಸ್ಯಾನ್ ಫ್ರಾನ್ಸಿಸ್ಕೊದ ಕಂಪನಿ ಶುಲ್ಕ ಕಟ್ಟುತ್ತಲೇ ಇರುತ್ತದೆ. ದ್ವೀಪದಲ್ಲಿ ಕರೆಂಟು ಹೋದರೂ ವಿಳಾಸಗಳು ಕೆಲಸ ಮಾಡಬೇಕಲ್ಲ, ಅದಕ್ಕೆ 2024ರಲ್ಲಿ ಐಡೆಂಟಿಟಿ ಡಿಜಿಟಲ್ ಎಂಬ ಅಮೆರಿಕದ ಸಂಸ್ಥೆಯ ಜೊತೆ ಐದು ವರ್ಷದ ಒಪ್ಪಂದ ಆಯಿತು. ತಾಂತ್ರಿಕ ಕೆಲಸ ಅವರದ್ದು, ಹಕ್ಕು ಸರ್ಕಾರದ್ದು.

‘ಆ ಹೆಸರು ಇಷ್ಟು ಲಕ್ಷ ಡಾಲರ್‌ಗೆ ಹೋಯಿತಂತೆ’ ಎಂಬ ಸುದ್ದಿ ಆಗಾಗ ಬರುತ್ತದೆ. ‘ಯೂ ಡಾಟ್ ಎಐ’ ಎಂಬ ವಿಳಾಸವನ್ನು ಒಬ್ಬ ಅಮೆರಿಕದ ಉದ್ಯಮಿ 7 ಲಕ್ಷ ಡಾಲರ್ ಕೊಟ್ಟು ಕೊಂಡರು. ಇಂಥ ಕೈಬದಲು ವ್ಯಾಪಾರದ ದುಡ್ಡು ಹೋಗುವುದು ಮೊದಲು ಆ ಹೆಸರನ್ನು ಕೊಂಡಿಟ್ಟವರ ಜೇಬಿಗೆ, ದ್ವೀಪಕ್ಕಲ್ಲ. ದ್ವೀಪಕ್ಕೆ ಸಿಗುವುದು ನೋಂದಣಿ ಮತ್ತು ನವೀಕರಣದ ಶುಲ್ಕ. ಜೊತೆಗೆ ಯಾರೂ ನವೀಕರಿಸದೇ ಬಿಟ್ಟ ಹೆಸರುಗಳನ್ನು ಹರಾಜಿಗೆ ಹಾಕಿದಾಗ ಬರುವ ಮೊತ್ತ.